ಕಂದಾಯದ ರಸೀತಿಯಲ್ಲಿ ಏನಿದೆ, ಏನಿಲ್ಲ

ಮಂಡ್ಯ ಸೀಮೆಯ ಹಳೆಯ ಮನೆಗಳಲ್ಲಿ ಕಂದಾಯದ ರಸೀತಿಗಳು ಇರುವುದು ಕ್ರಯಪತ್ರದ ಜೊತೆ. ಕರೆಂಟ್ ಬಿಲ್ಲು ತಂತಿಗೆ ಸಿಕ್ಕಿಸಿಕೊಂಡು ಗೋಡೆಯಲ್ಲಿ ನೇತಾಡುತ್ತದೆ, ನೀರಿನ ಬಿಲ್ಲು ಕ್ಯಾಲೆಂಡರಿನ ಹಿಂದೆ ಸೇರುತ್ತದೆ. ಮನೆ ಕಂದಾಯದ ರಸೀತಿಗೆ ಮಾತ್ರ ಟ್ರಂಕಿನೊಳಗೆ ಜಾಗ, ಅಜ್ಜನ ಕಾಲದ ಛಾಪಾ ಕಾಗದಗಳ ಪಕ್ಕದಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ. ಮನೆಯ ಮೇಲೆ ಯಾರಾದರೂ ತಕರಾರು ತೆಗೆದರೆ ಯಜಮಾನರ ಬಾಯಲ್ಲಿ ಮೊದಲು ಬರುವ ಮಾತೂ ಅದೇ: "ಮೂವತ್ತು ವರ್ಸದಿಂದ ಕಂದಾಯ ಕಟ್ಕೊಂಡ್ ಬಂದಿವ್ನಿ ಕಣ್ ಸಾ, ಒಂದೊಂದು ರಸೀತೀನೂ ಮಡಗಿವ್ನಿ."

ಈ ನಂಬಿಕೆಗೆ ಬೇರು ಇಲ್ಲದಿಲ್ಲ. ಹೊಲದ ಕಂದಾಯ ಕಟ್ಟಿದವನೇ ಹೊಲದ ಸ್ವಾಧೀನದಲ್ಲಿರುವವನು ಎಂಬ ತಿಳಿವಳಿಕೆ ನಮ್ಮ ರೈತಾಪಿ ಜನಕ್ಕೆ ತಲೆತಲಾಂತರದ್ದು. ಸ್ವಾಧೀನ ತೋರಿಸಲು ನ್ಯಾಯಾಲಯದಲ್ಲಿ ಇಂದಿಗೂ ರಸೀತಿ ಒಂದು ಪುರಾವೆ. ಆದರೆ ಸ್ವಾಧೀನ ಬೇರೆ, ಒಡೆತನ ಬೇರೆ. ದಾಖಲೆಯಲ್ಲಿ ಹೆಸರು ಸೇರಿದ ಮಾತ್ರಕ್ಕೆ ಹಕ್ಕು ಹುಟ್ಟುವುದೂ ಇಲ್ಲ, ಹೆಸರು ಹೋದ ಮಾತ್ರಕ್ಕೆ ಹಕ್ಕು ಅಳಿಯುವುದೂ ಇಲ್ಲ, ಯಾರಿಂದ ತೆರಿಗೆ ವಸೂಲು ಮಾಡಬೇಕೆಂಬುದಷ್ಟೇ ಅದರಿಂದ ತೀರ್ಮಾನವಾಗುತ್ತದೆ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಖಾತೆಯ ವಿಷಯದಲ್ಲೂ ನ್ಯಾಯಾಲಯಗಳು ಇದೇ ಮಾತನ್ನು ಮತ್ತೆ ಮತ್ತೆ ಹೇಳುತ್ತ ಬಂದಿವೆ. ಒಡೆತನ ನಿಲ್ಲುವುದು ನೋಂದಾಯಿತ ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಹಕ್ಕುಪತ್ರಗಳ ಮೇಲೆ.

ಇದು ಕಾನೂನಿನ ಸೂಕ್ಷ್ಮ, ವಕೀಲರಿಗೆ ಬಿಟ್ಟದ್ದು ಎಂದು ಸುಮ್ಮನಾಗಬಹುದಿತ್ತು. ಆದರೆ ಈ ತಪ್ಪು ತಿಳಿವಳಿಕೆ ನಮ್ಮ ಪಟ್ಟಣಗಳಿಗೆ ಮಾಡಿರುವ ನಷ್ಟ ದೊಡ್ಡದು. ಮನೆಯ ಮಾಲೀಕ ಹಣ ಕೊಡುವುದು ರಸೀತಿಗಾಗಿ. ರಸೀತಿ ಕೈಗೆ ಬಂತೆಂದರೆ ವ್ಯವಹಾರ ಮುಗಿಯಿತು. ಆ ಮೊತ್ತ ಹೇಗೆ ಬಂತು, ಯಾವ ಲೆಕ್ಕದಲ್ಲಿ ಬಂತು, ಕಟ್ಟಿದ ಮೇಲೆ ಎಲ್ಲಿಗೆ ಹೋಯಿತು ಎಂದು ಕೇಳುವ ಅಭ್ಯಾಸವೇ ಬೆಳೆಯಲಿಲ್ಲ. ಕೇಳುವವರಿಲ್ಲದಿದ್ದರೆ ಹೇಳುವ ಅಭ್ಯಾಸವೂ ಬೆಳೆಯುವುದಿಲ್ಲ. ಆದಾಯ ತೆರಿಗೆ ದೆಹಲಿಗೆ ಹೋಗುತ್ತದೆ, ಅಂಗಡಿಯಲ್ಲಿ ಕೊಟ್ಟ ಜಿಎಸ್‌ಟಿ ಕೇಂದ್ರಕ್ಕೂ ರಾಜ್ಯಕ್ಕೂ ಹಂಚಿಹೋಗುತ್ತದೆ. ಮನೆ ಕಂದಾಯವೊಂದೇ ನಮ್ಮ ಬೀದಿಯಿಂದ ಹೊರಟು ನಮ್ಮ ಊರಿನ ನಗರಸಭೆ, ಪುರಸಭೆಯ ಬೊಕ್ಕಸದಲ್ಲಿ ನಿಲ್ಲುವ ತೆರಿಗೆ. ಅದರ ಲೆಕ್ಕವನ್ನು ನಡೆದುಕೊಂಡೇ ಹೋಗಿ ಕೇಳಬಹುದು.

ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಭೂಮಿ ಮತ್ತು ಕಟ್ಟಡದ ಮೇಲಿನ ತೆರಿಗೆ ರಾಜ್ಯಪಟ್ಟಿಯ 49ನೇ ನಮೂದು. ರಾಜ್ಯ ಆ ಅಧಿಕಾರವನ್ನು ಊರಾಡಳಿತಗಳಿಗೆ ವಹಿಸಿದೆ. ಮಂಡ್ಯದಂಥ ನಗರಸಭೆಗೂ ಮಳವಳ್ಳಿಯಂಥ ಪುರಸಭೆಗೂ ಇದಕ್ಕೆ ಆಧಾರ 1964ರ ಕರ್ನಾಟಕ ಪುರಸಭೆಗಳ ಕಾಯ್ದೆ. ಮಂಡ್ಯದ 35 ವಾರ್ಡು, ಮಳವಳ್ಳಿಯ 23 ವಾರ್ಡುಗಳಲ್ಲಿ ಮನೆಗಳ ಬೆಲೆ ಬೇರೆ ಬೇರೆ, ತೆರಿಗೆಯ ಲೆಕ್ಕ ಹಾಕುವ ದಾರಿ ಮಾತ್ರ ಒಂದೇ. ಬೆಂಗಳೂರಿನಲ್ಲಿರುವ ಮಗನೋ ತಂಗಿಯೋ ಫೋನಿನಲ್ಲಿ ಹೇಳುವ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. ಅಲ್ಲಿ ವಲಯವಾರು ಘಟಕ ದರದ ಪದ್ಧತಿ ಬೇರೆಯೇ ಬೆಳೆದಿದೆ.

ಹಿಂದೆ ಇಲ್ಲಿದ್ದದ್ದು ವಾರ್ಷಿಕ ಬಾಡಿಗೆ ಮೌಲ್ಯದ ಪದ್ಧತಿ. ಮನೆಯನ್ನು ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ ಎಷ್ಟು ಬರಬಹುದೆಂದು ಪುರಸಭೆಯ ನೌಕರ ಅಂದಾಜು ಮಾಡುತ್ತಿದ್ದ. ಆ ಅಂದಾಜಿನ ಮೇಲೆ ತೆರಿಗೆ. ಅಕ್ಕಪಕ್ಕದ ಎರಡು ಮನೆಗೆ ಎರಡು ಬಗೆಯ ಕಂದಾಯ ಬೀಳುತ್ತಿತ್ತು, ಜಗಳವೂ ಆಗುತ್ತಿತ್ತು, ಕೈಬಿಸಿಗೂ ದಾರಿಯಾಗುತ್ತಿತ್ತು. 2002ರ ಏಪ್ರಿಲ್ 1ರಿಂದ ಅದು ಹೋಗಿ, ಬಂಡವಾಳ ಮೌಲ್ಯದ ಮೇಲೆ ಮಾಲೀಕರೇ ಲೆಕ್ಕ ಹಾಕಿ ಕಟ್ಟುವ ಸ್ವಯಂ ಘೋಷಣೆ ಪದ್ಧತಿ ಬಂತು. ಜನ ಇದನ್ನು ಎಸ್‌ಎಎಸ್ ಎನ್ನುತ್ತಾರೆ. ಇದರಲ್ಲಿ ಘೋಷಿಸುವವರು ನಾವು. ನಿವೇಶನದ ಅಳತೆ, ಕಟ್ಟಡದ ವಿಸ್ತೀರ್ಣ, ಎಷ್ಟು ವರ್ಷದ್ದು, ಹೆಂಚಿನದೋ ಆರ್‌ಸಿಸಿಯೋ, ವಾಸಕ್ಕೋ ವ್ಯಾಪಾರಕ್ಕೋ ಎಲ್ಲವನ್ನೂ ಬರೆದು ಸಹಿ ಹಾಕುವವರು ನಾವು. ಆದರೆ ನಡೆದಿರುವುದೇನು? ಬಹುಪಾಲು ಮನೆಗಳ ಫಾರಂ ತುಂಬಿದ್ದು ಬಿಲ್ ಕಲೆಕ್ಟರು, ಇಲ್ಲವೇ ಕಚೇರಿಯ ಮುಂದೆ ಕುಳಿತು ಅರ್ಜಿ ಬರೆಯುವವರು. ಆ ವರ್ಷ ಬರೆದದ್ದೇ ಮುಂದಿನ ವರ್ಷಕ್ಕೆ ಮಾದರಿ. ಇಪ್ಪತ್ತು ವರ್ಷದ ಹಿಂದಿನ ಅಳತೆಯ ತಪ್ಪು ಈಗ ಕಂಪ್ಯೂಟರಿನೊಳಗೆ ಹೋಗಿ ಕುಳಿತಿದೆ. ಮನೆಯ ಮಾಲೀಕರು ಮೊದಲು ಮಾಡಬೇಕಾದದ್ದು ಟೇಪು ಹಿಡಿದು ತಮ್ಮದೇ ಮನೆಯನ್ನು ಅಳೆಯುವುದು.

ಲೆಕ್ಕ ಕಷ್ಟದ್ದಲ್ಲ. ನೋಂದಣಿ ಇಲಾಖೆ ಪ್ರತಿ ಬಡಾವಣೆ, ಪ್ರತಿ ರಸ್ತೆಗೆ ನಿಗದಿ ಮಾಡಿರುವ ಮಾರ್ಗಸೂಚಿ ದರ ಇದೆಯಲ್ಲ, ಸೈಟು ಕೊಳ್ಳುವಾಗ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಡುವ ದರ, ಅದೇ ಇಲ್ಲಿಗೂ ಬುನಾದಿ. ನಿವೇಶನದ ವಿಸ್ತೀರ್ಣವನ್ನು ಆ ದರದಿಂದ ಗುಣಿಸಿದರೆ ಜಾಗದ ಮೌಲ್ಯ. ಕಟ್ಟಡದ ವಿಸ್ತೀರ್ಣವನ್ನು ಅದರ ಬಗೆಗೆ ನಿಗದಿಯಾದ ದರದಿಂದ ಗುಣಿಸಿ, ಕಟ್ಟಡ ಹಳೆಯದಾದಷ್ಟೂ ಸವಕಳಿ ಕಳೆದರೆ ಕಟ್ಟಡದ ಮೌಲ್ಯ. ಎರಡನ್ನೂ ಕೂಡಿಸಿ, ಅದರಲ್ಲಿ ನೂರಕ್ಕೆ 25 ಭಾಗವನ್ನಷ್ಟೇ ತೆರಿಗೆಗೆ ತೆಗೆದುಕೊಳ್ಳಬೇಕು. ಆ ಭಾಗದ ಮೇಲೆ, ಕಾಯ್ದೆಯ ಕನಿಷ್ಠ ಮತ್ತು ಗರಿಷ್ಠ ಮಿತಿಯೊಳಗೆ ಊರಿನ ಕೌನ್ಸಿಲು ನಿರ್ಣಯ ಮಾಡಿದ ಶೇಕಡಾವಾರು ದರ ಹಾಕಿದರೆ ಕಂದಾಯ.

ಉದಾಹರಣೆಗೆ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. 30 ಅಡಿಗೆ 40 ಅಡಿಯ ಸೈಟು, ಅಂದರೆ 1,200 ಚದರಡಿ. ಮಾರ್ಗಸೂಚಿ ದರ ಚದರಡಿಗೆ ₹1,500 ಇದ್ದರೆ ಜಾಗದ ಮೌಲ್ಯ ₹18 ಲಕ್ಷ. ಅದರಲ್ಲಿರುವ ಮನೆಯ ಮೌಲ್ಯ ಸವಕಳಿ ಕಳೆದು ₹8 ಲಕ್ಷ ಎಂದಿಟ್ಟುಕೊಳ್ಳಿ. ಒಟ್ಟು ₹26 ಲಕ್ಷ, ಅದರ ಕಾಲು ಭಾಗ ₹6.5 ಲಕ್ಷ. ವಾಸದ ಮನೆಗೆ ಕೌನ್ಸಿಲು ಗೊತ್ತು ಮಾಡಿದ ದರ ನೂರಕ್ಕೆ ಅರ್ಧ ರೂಪಾಯಿಯಾದರೆ ಕಂದಾಯ ₹3,250. ನಿಮ್ಮ ಬೀದಿಯ ದರ ಬೇರೆ ಇದ್ದೀತು, ನಿಮ್ಮ ಊರಿನ ಶೇಕಡಾ ಬೇರೆ ಇದ್ದೀತು. ಲೆಕ್ಕದ ಹಾದಿ ಇದೇ. ಮಾರ್ಗಸೂಚಿ ದರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ, ಶೇಕಡಾವಾರು ದರವನ್ನು ಪುರಸಭೆಯ ಕಂದಾಯ ಶಾಖೆಯಲ್ಲಿ ಕೇಳಿ ಪಡೆದರೆ, ಎಸ್ಸೆಸ್ಸೆಲ್ಸಿ ಓದುವ ಮಗಳು ಜಗುಲಿಯಲ್ಲಿ ಕುಳಿತು ಮನೆಯ ಕಂದಾಯ ತೆಗೆಯಬಲ್ಲಳು. ಅವಳ ಉತ್ತರಕ್ಕೂ ಬಿಲ್ಲಿಗೂ ದೊಡ್ಡ ಅಂತರ ಬಂದರೆ ಎಲ್ಲೋ ಅಳತೆ, ವಯಸ್ಸು, ಬಳಕೆ ಈ ಮೂರರಲ್ಲೊಂದು ತಪ್ಪಾಗಿದೆ ಎಂದು ಅರ್ಥ.

ತಪ್ಪುಗಳಲ್ಲೆಲ್ಲ ಹೆಚ್ಚಾಗಿ ಕಾಣುವುದು ಬಳಕೆಯದ್ದು. ನಮ್ಮ ಪೇಟೆಬೀದಿಗಳ ಮನೆ ಹೇಗಿರುತ್ತದೆಂದು ಎಲ್ಲರಿಗೂ ಗೊತ್ತು: ಮುಂದೆ ಅಂಗಡಿ, ಹಿಂದೆ ಸಂಸಾರ. ಮುಂಭಾಗದ ಹತ್ತಡಿ ಮಳಿಗೆಗೆ ವಾಣಿಜ್ಯ ದರ, ಹಿಂದಿನ ವಾಸಕ್ಕೆ ವಾಸದ ದರ ಬೀಳಬೇಕು. ಇಡೀ ಕಟ್ಟಡವನ್ನು ವಾಸದ್ದೆಂದು ಬರೆದರೆ ಊರಿಗೆ ನಷ್ಟ, ವಾಣಿಜ್ಯವೆಂದು ಬರೆದರೆ ಸಂಸಾರಕ್ಕೆ ನಷ್ಟ. ಅಂಗಡಿ ಮುಚ್ಚಿ ಹತ್ತು ವರ್ಷವಾದರೂ ದಾಖಲೆಯಲ್ಲಿ ಅಂಗಡಿಯಾಗಿಯೇ ಉಳಿದಿರುವ ಕೋಣೆಗಳಿವೆ. ಹಾಗೆಯೇ ಹೆಂಚಿನ ಮನೆ ಕೆಡವಿ ಎರಡು ಅಂತಸ್ತು ಎಬ್ಬಿಸಿದ ಮೇಲೂ ಹೆಂಚಿನ ಮನೆಯ ಕಂದಾಯವನ್ನೇ ಕಟ್ಟುತ್ತಿರುವವರೂ ಇದ್ದಾರೆ. ಅದು ಉಳಿತಾಯದಂತೆ ಕಾಣುತ್ತದೆ. ಬ್ಯಾಂಕಿನಲ್ಲಿ ಸಾಲ ಕೇಳುವ ದಿನ, ಮಗನಿಗೆ ದಾನಪತ್ರ ಬರೆಯುವ ದಿನ ದಾಖಲೆಯ ಅಳತೆಗೂ ನಿಂತಿರುವ ಮನೆಗೂ ತಾಳೆಯಾಗದೆ ಪರದಾಡುವುದು ಆಮೇಲಿನ ಮಾತು. ಸುಳ್ಳು ಘೋಷಣೆ ಪತ್ತೆಯಾದರೆ ವ್ಯತ್ಯಾಸದ ಜೊತೆಗೆ ದಂಡವೂ ಬೀಳುತ್ತದೆ.

ಈಚಿನ ವರ್ಷಗಳಲ್ಲಿ ಕಂದಾಯ ಏಕೆ ಏರಿತು ಎಂಬ ಪ್ರಶ್ನೆಗೆ ಉತ್ತರ ಮಂಡ್ಯದಲ್ಲಿಲ್ಲ. ಅದು ಹುಟ್ಟಿದ್ದು ಕೋವಿಡ್ ಕಾಲದಲ್ಲಿ. 2021ಕ್ಕೆ ಮೊದಲು 2005-06ರ ಮಾರ್ಗಸೂಚಿ ದರವನ್ನೇ ಆಧಾರವಾಗಿಟ್ಟುಕೊಂಡು ಮೂರು ವರ್ಷಕ್ಕೊಮ್ಮೆ ನೂರಕ್ಕೆ 15ರಿಂದ 30ರವರೆಗೆ ಏರಿಸುತ್ತಿದ್ದರು. 2020ರಲ್ಲಿ ರಾಜ್ಯಗಳು ಹೆಚ್ಚುವರಿ ಸಾಲ ಎತ್ತಲು ಕೇಂದ್ರ ಕೆಲವು ಷರತ್ತು ಹಾಕಿತು. ಆಸ್ತಿ ತೆರಿಗೆಯನ್ನು ಚಾಲ್ತಿಯಲ್ಲಿರುವ ಮಾರ್ಗಸೂಚಿ ದರಕ್ಕೆ ಹೊಂದಿಸಬೇಕೆಂಬುದು ಅದರಲ್ಲೊಂದು. 15ನೇ ಹಣಕಾಸು ಆಯೋಗವೂ ಊರಾಡಳಿತಗಳಿಗೆ ಅನುದಾನ ಬೇಕಾದರೆ ಆಸ್ತಿ ತೆರಿಗೆಗೆ ಕನಿಷ್ಠ ದರ ಪ್ರಕಟಿಸಬೇಕು, ವಸೂಲಿ ರಾಜ್ಯದ ಆರ್ಥಿಕ ಬೆಳವಣಿಗೆಯ ಜೊತೆ ಹೆಜ್ಜೆ ಹಾಕಬೇಕು ಎಂದಿತು. ಕರ್ನಾಟಕ 2021ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದದ್ದು ಈ ಒತ್ತಡದಲ್ಲಿ. ಹಳೆಯ ದರದ ಅರ್ಧದ ಬದಲು ಹೊಸ ದರದ ಕಾಲು ಭಾಗ ಎಂದಾಯಿತು. ಮಾರ್ಗಸೂಚಿ ದರ ಪರಿಷ್ಕರಣೆಯಾಗದ ವರ್ಷಗಳಲ್ಲಿಯೂ ನೂರಕ್ಕೆ 3ರಿಂದ 5ರಷ್ಟು ಏರಿಕೆ ನಿಗದಿಯಾಯಿತು.

ಅದಾದ ಮೇಲೆ 2023ರ ಅಕ್ಟೋಬರ್ 1ರಿಂದ ರಾಜ್ಯದಾದ್ಯಂತ ಮಾರ್ಗಸೂಚಿ ದರ ಪರಿಷ್ಕರಣೆಯಾಯಿತು. ಆ ಸುದ್ದಿ ಬಂದಾಗ ಸೈಟು ಕೊಳ್ಳುವವರು, ಮಾರುವವರು ಗಮನವಿಟ್ಟು ಓದಿದರು. ಮನೆ ಮಾರುವ ಯೋಚನೆಯೇ ಇಲ್ಲದವರು ಪುಟ ತಿರುಗಿಸಿದರು. ಅವರ ಕಂದಾಯವೂ ಆ ದರದ ಮೇಲೆಯೇ ನಿಂತಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ದರ ಪರಿಷ್ಕರಣೆಗೆ ಮೊದಲು ತಾಲ್ಲೂಕು ಮಟ್ಟದಲ್ಲಿ ಕರಡು ಪಟ್ಟಿ ಪ್ರಕಟವಾಗುತ್ತದೆ, ಆಕ್ಷೇಪಣೆ ಸಲ್ಲಿಸಲು ಕೆಲವು ದಿನಗಳ ಅವಕಾಶವಿರುತ್ತದೆ. ಕಂದಾಯ ಹೆಚ್ಚಾಯಿತೆಂದು ಬಿಲ್ ಕಲೆಕ್ಟರ್ ಮೇಲೆ ರೇಗುವ ಬದಲು ಆ ದಿನಗಳಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಒಂದು ಅರ್ಜಿ ಕೊಡುವುದು ಹೆಚ್ಚು ಕೆಲಸ ಮಾಡುತ್ತದೆ.

ಮದ್ದೂರಿನ ಹಳೆಯ ಹೆದ್ದಾರಿಯ ಉದ್ದಕ್ಕೂ ನಿಂತರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಸಮಾರಂಭ ನಡೆದದ್ದೂ ಇದೇ ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ. ಆ ಹೆದ್ದಾರಿ ಬರುವ ಮೊದಲು ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಬಹುಪಾಲು ವಾಹನಗಳು ಮದ್ದೂರಿನೊಳಗೆ, ಮಂಡ್ಯದೊಳಗೆ ಹಾದುಹೋಗುತ್ತಿದ್ದವು. ವಡೆ ತಿಂದು, ಕಾಫಿ ಕುಡಿದು, ಎಳನೀರು ಇಳಿಸಿಕೊಂಡು ಹೋಗುವವರಿಂದ ರಸ್ತೆಬದಿಯ ಮಳಿಗೆಗಳು ಬದುಕಿದ್ದವು. ಈಗ ಆ ವಾಹನಗಳು ಬೈಪಾಸಿನ ಮೇಲೆ ಓಡುತ್ತವೆ. ವ್ಯಾಪಾರ ಕುಸಿದದ್ದು ಕಣ್ಣಿಗೆ ಕಾಣುತ್ತದೆ, ಖಾಲಿ ಮಳಿಗೆಗಳ ಮೇಲೆ 'ಬಾಡಿಗೆಗೆ ಇದೆ' ಎಂಬ ಬೋರ್ಡೂ ಕಾಣುತ್ತದೆ. ಬಾಡಿಗೆ ಮೌಲ್ಯದ ಹಳೆಯ ಪದ್ಧತಿ ಇದ್ದಿದ್ದರೆ ಬಾಡಿಗೆ ಇಳಿದಾಗ ಕಂದಾಯ ಇಳಿಸಿ ಎಂದು ಕೇಳಲು ಒಂದು ಆಧಾರವಿರುತ್ತಿತ್ತು. ಬಂಡವಾಳ ಮೌಲ್ಯದ ಪದ್ಧತಿಗೆ ಜಾಗದ ಬೆಲೆ ಗೊತ್ತು, ಗಲ್ಲಾಪೆಟ್ಟಿಗೆಯ ಸ್ಥಿತಿ ಗೊತ್ತಿಲ್ಲ. ಹೆದ್ದಾರಿ ಬದಿಯೆಂದು ಹಿಂದೆ ಕಟ್ಟಿದ ದರ ವಾಹನಗಳು ಬೇರೆ ದಾರಿ ಹಿಡಿದ ಮೇಲೂ ಅದೇ ಹೆಸರಿನಲ್ಲಿ ಉಳಿಯುವುದು ಅನ್ಯಾಯ. ಇದನ್ನು ಸರಿಪಡಿಸಬೇಕಾದದ್ದು ಮಾರ್ಗಸೂಚಿ ದರದ ಪಟ್ಟಿಯಲ್ಲಿ. ಆ ರಸ್ತೆಯ ಮಳಿಗೆಯವರೆಲ್ಲ ಒಟ್ಟಾಗಿ ಕೇಳಬೇಕಾದ ವಿಷಯವಿದು.

ಇನ್ನು ರಸೀತಿಯ ಕೆಳಗಿನ ಸಾಲುಗಳು. ಕಂದಾಯದ ಮೇಲೆ ಆರೋಗ್ಯ ಉಪಕರ ನೂರಕ್ಕೆ 15, ಗ್ರಂಥಾಲಯ ಉಪಕರ 6, ಭಿಕ್ಷುಕರ ಉಪಕರ 3. ಮೇಲಿನ ಉದಾಹರಣೆಯ ₹3,250ಕ್ಕೆ ಈ ಮೂರೂ ಸೇರಿ ₹780 ಆಗುತ್ತದೆ. ಇದು ಊರಾಡಳಿತದ ಸ್ವಂತ ಹಣವಲ್ಲ, ಬೇರೆಯವರ ಪರವಾಗಿ ವಸೂಲು ಮಾಡಿ ತಲುಪಿಸಬೇಕಾದ ಹಣ. ಗ್ರಂಥಾಲಯ ಉಪಕರಕ್ಕೆ 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಆಧಾರ, ಭಿಕ್ಷುಕರ ಉಪಕರಕ್ಕೆ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ. ಇದರ ಜೊತೆಗೆ ಕಸ ವಿಲೇವಾರಿಯ ಶುಲ್ಕ ಬೇರೆ, ನೀರು ಮತ್ತು ಒಳಚರಂಡಿಯ ಬಿಲ್ಲು ಬೇರೆ. ಈ ಪಟ್ಟಿಯಲ್ಲಿ ನನಗೆ ಹತ್ತಿರವಾದದ್ದು ಗ್ರಂಥಾಲಯದ ಸಾಲು. ಬೆಳಿಗ್ಗೆ ಪತ್ರಿಕೆ ಓದಲು ಬರುವ ನಿವೃತ್ತರು, ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ, ಕೆಎಎಸ್ ಪರೀಕ್ಷೆಗೆ ಓದುವ ಹಳ್ಳಿಯ ಹುಡುಗ ಹುಡುಗಿಯರು ಕುಳಿತುಕೊಳ್ಳುವ ಕುರ್ಚಿ, ಅವರ ತಲೆಯ ಮೇಲೆ ತಿರುಗುವ ಫ್ಯಾನು ಎಲ್ಲಕ್ಕೂ ಮೂಲ ಈ ಆರು ರೂಪಾಯಿ. ವಸೂಲು ಮಾಡಿದ ಗ್ರಂಥಾಲಯ ಉಪಕರವನ್ನು ಊರಾಡಳಿತಗಳು ಇಲಾಖೆಗೆ ಕಟ್ಟದೆ ಬಾಕಿ ಇಟ್ಟುಕೊಳ್ಳುತ್ತವೆ ಎಂಬುದು ರಾಜ್ಯದಲ್ಲಿ ಬಹುಕಾಲದ ದೂರು. ನಾವು ಕಟ್ಟಿದ್ದೇವೆ, ರಸೀತಿಯಲ್ಲಿ ಅಚ್ಚಾಗಿದೆ. ಹೊಸ ಪುಸ್ತಕ ಬಂದಿಲ್ಲವೆಂದು ಗ್ರಂಥಪಾಲಕರನ್ನು ಕೇಳುವ ಮೊದಲು ಈ ಹಣ ತಲುಪಿತೇ ಎಂದು ಕೇಳುವುದು ನ್ಯಾಯ.

ಕಟ್ಟುವ ಕಾಲದ ವಿಷಯ ಬಹಳ ಜನಕ್ಕೆ ಗೊತ್ತಿರುವುದೇ. ಏಪ್ರಿಲ್ ತಿಂಗಳೊಳಗೆ ಪೂರ್ತಿ ಕಟ್ಟಿದರೆ ನೂರಕ್ಕೆ 5 ರಿಯಾಯಿತಿ. ಕೆಲವು ವರ್ಷ ಸರ್ಕಾರ ಈ ಗಡುವನ್ನು ಮುಂದೂಡಿದ್ದೂ ಉಂಟು. ಜೂನ್ ಮುಗಿಯುವವರೆಗೆ ರಿಯಾಯಿತಿಯೂ ಇಲ್ಲ ದಂಡವೂ ಇಲ್ಲ. ಜುಲೈನಿಂದ ತಿಂಗಳಿಗೆ ನೂರಕ್ಕೆ 2 ದಂಡ. ಎರಡು ರೂಪಾಯಿ ತಾನೆ ಎನಿಸುತ್ತದೆ. ಐದು ವರ್ಷ ಸುಮ್ಮನಿದ್ದರೆ ಅಸಲಿಗಿಂತ ದಂಡವೇ ದೊಡ್ಡದಾಗುತ್ತದೆ, ಅರವತ್ತು ತಿಂಗಳಿಗೆ ನೂರಕ್ಕೆ 120. ಹೀಗೆ ಸಿಕ್ಕಿಬೀಳುವವರು ಮನೆಯಲ್ಲಿ ವಾಸವಿರುವವರಲ್ಲ, ಖಾಲಿ ಸೈಟಿನವರು. ಬೆಂಗಳೂರಿನಲ್ಲಿ ಕೆಲಸ, ಮಂಡ್ಯದ ಹೊಸ ಬಡಾವಣೆಯಲ್ಲಿ ಒಂದು ಸೈಟು. ಕಟ್ಟಡವೇ ಇಲ್ಲದ ಜಾಗಕ್ಕೆ ಎಂಥ ಕಂದಾಯ ಎಂದು ಬಿಟ್ಟಿರುತ್ತಾರೆ. ಖಾಲಿ ನಿವೇಶನಕ್ಕೂ ತೆರಿಗೆ ಇದೆ, ದರ ಕಡಿಮೆ ಅಷ್ಟೆ. ಪಾರ್ಥೇನಿಯಂ ಬೆಳೆದು, ಹಾವು ಸೇರಿ, ಅಕ್ಕಪಕ್ಕದವರು ದೂರು ಕೊಟ್ಟಾಗಲೂ ಮಾಲೀಕರ ವಿಳಾಸ ಸಿಗುವುದಿಲ್ಲ. ಮಾರುವ ಹೊತ್ತಿಗೆ ಎಲ್ಲವೂ ಒಟ್ಟಿಗೆ ಎದುರಿಗೆ ಬಂದು ನಿಲ್ಲುತ್ತದೆ. ಹಾಗೆಯೇ ಗೊತ್ತಿಲ್ಲದೆ ಪೂರ್ತಿ ಕಟ್ಟುತ್ತಿರುವವರೂ ಇದ್ದಾರೆ: ಮಾಜಿ ಸೈನಿಕರು ತಾವೇ ವಾಸವಿರುವ ಮನೆಗೆ ಅರ್ಧದಷ್ಟು ವಿನಾಯಿತಿ ಕೇಳಬಹುದು. ಸೈನ್ಯಕ್ಕೆ ಮಕ್ಕಳನ್ನು ಕಳಿಸಿದ ಮನೆಗಳು ಈ ಜಿಲ್ಲೆಯಲ್ಲಿ ಕಡಿಮೆಯಿಲ್ಲ. ಅರ್ಜಿ ಕೊಡದೆ ಅದು ತಾನಾಗಿ ಬರುವುದಿಲ್ಲ.

ಹೊಸ ಬಡಾವಣೆಗಳ ಮಾತು ಬಂತು, ಅಲ್ಲಿಗೇ ಹೋಗೋಣ. ಮಂಡ್ಯದ ಸುತ್ತ ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿದ ಗದ್ದೆಗಳು, ಕಬ್ಬಿನ ತಾಕುಗಳು ಸೈಟುಗಳಾಗಿವೆ. ಕೆಲವು ಭೂಪರಿವರ್ತನೆಯಾಗಿ, ನಗರಾಭಿವೃದ್ಧಿ ಪ್ರಾಧಿಕಾರದ ಅನುಮೋದನೆ ಪಡೆದು ಆದವು. ಇನ್ನೆಷ್ಟೋ ಬರೀ ಸುಣ್ಣದ ಗೆರೆ ಎಳೆದು ಹಂಚಿದ ರೆವಿನ್ಯೂ ಸೈಟುಗಳು. ಅವನ್ನು ಕೊಂಡವರು ಮೋಸಗಾರರಲ್ಲ, ಬಹುಪಾಲು ಸಣ್ಣ ಸಂಬಳದವರು. ಅನುಮೋದಿತ ಬಡಾವಣೆಯ ದರ ಕೈಗೆ ಎಟುಕದೆ ಇಲ್ಲಿಗೆ ಬಂದರು, ಚೀಟಿ ಹಣ ಸೇರಿಸಿ, ಒಡವೆ ಅಡವಿಟ್ಟು ಕಟ್ಟಿಕೊಂಡರು. ನಗರಸಭೆ ಅವರಲ್ಲಿ ಹಲವರಿಂದ ಕಂದಾಯವನ್ನೂ ಕಟ್ಟಿಸಿಕೊಂಡಿತು. ಕಂದಾಯ ಕಟ್ಟಿಸಿಕೊಂಡಿದ್ದಾರೆಂದರೆ ಎಲ್ಲ ಸರಿಯಾಯಿತು ಎಂದು ಜನ ತಿಳಿದರು. ಕಾಯ್ದೆ ಹೇಳುವುದು ಬೇರೆ: ತೆರಿಗೆ ಪಡೆದ ಮಾತ್ರಕ್ಕೆ ಅನಧಿಕೃತ ಕಟ್ಟಡವಾಗಲಿ ಬಡಾವಣೆಯಾಗಲಿ ಸಕ್ರಮವಾಗುವುದಿಲ್ಲ.

2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತೆ, ಅಂದರೆ ಗಣಕೀಕೃತ ಖಾತೆ, ಕಡ್ಡಾಯವಾದಾಗ ಈ ಸತ್ಯ ಮನೆಮನೆಗೆ ಮುಟ್ಟಿತು. ಕೈಬರಹದ ಖಾತೆ ಇದ್ದರೂ ಮಾರಲಾಗದು, ಮಗಳ ಹೆಸರಿಗೆ ಬರೆಯಲಾಗದು. 2025ರ ಫೆಬ್ರವರಿಯಲ್ಲಿ ಸರ್ಕಾರ ಕಾನೂನಿಗೆ ತಿದ್ದುಪಡಿ ತಂದು, ಬಿ ಖಾತೆ ಕೊಡುವ ಅಭಿಯಾನ ಶುರು ಮಾಡಿತು. ಅನುಮೋದನೆಯಿದ್ದ ಆಸ್ತಿಗೆ ಎ ಖಾತೆ, ಇಲ್ಲದ್ದಕ್ಕೆ ಬಿ ಖಾತೆ. 2024ರ ಸೆಪ್ಟೆಂಬರ್ 10ಕ್ಕೆ ಮೊದಲು ನೋಂದಣಿಯಾದ ಪತ್ರ ಇರಬೇಕು, ಮೊದಲ ವರ್ಷ ಎರಡು ಪಟ್ಟು ತೆರಿಗೆ ಕಟ್ಟಬೇಕು, ಆಮೇಲೆ ಎಲ್ಲರಂತೆ. ಇದನ್ನು ನಾನು ಒಳ್ಳೆಯ ಹೆಜ್ಜೆ ಎಂದೇ ಭಾವಿಸುತ್ತೇನೆ. ದಾಖಲೆಯ ಹೊರಗೆ ಉಳಿದಿದ್ದ ಮನೆಗಳು ಲೆಕ್ಕಕ್ಕೆ ಬಂದವು, ಅವುಗಳ ಮುಂದಿನ ಬೀದಿಗೆ ದೀಪ, ಚರಂಡಿ ಕೇಳುವ ದನಿಯೂ ಬಂತು. ಆದರೆ ಬಿ ಖಾತೆ ಹಿಡಿದು ಮನೆ ಸಕ್ರಮವಾಯಿತು ಎಂದು ಸಿಹಿ ಹಂಚಬೇಡಿ. ಅದು ಆಸ್ತಿ ಇದೆ, ತೆರಿಗೆ ಬರುತ್ತಿದೆ ಎಂದು ಬರೆದಿಟ್ಟ ಪುಸ್ತಕ. ಬ್ಯಾಂಕು ಸಾಲ ಕೊಡುತ್ತದೆಯೇ, ಮೇಲಂತಸ್ತಿಗೆ ಪರವಾನಗಿ ಸಿಗುತ್ತದೆಯೇ ಎಂಬುದನ್ನು ಬೇರೆಯಾಗಿಯೇ ವಿಚಾರಿಸಬೇಕು. ಹೊಸದಾಗಿ ಸೈಟು ಕೊಳ್ಳುವವರು ಕಂದಾಯದ ರಸೀತಿ ತೋರಿಸುವ ದಲ್ಲಾಳಿಗೆ ಭೂಪರಿವರ್ತನೆಯ ಆದೇಶ, ಪ್ರಾಧಿಕಾರ ಅನುಮೋದಿಸಿದ ನಕ್ಷೆ, ಋಣಭಾರ ಪತ್ರ ಕೇಳಲಿ. ಆ ಮೂರು ಇಲ್ಲದೆ ರಸೀತಿಯ ಕಟ್ಟು ಎಷ್ಟು ದಪ್ಪವಿದ್ದರೂ ಮುಂಗಡ ಕೊಡಬೇಡಿ.

ಮಳವಳ್ಳಿಯ ಕಷ್ಟ ಇನ್ನೊಂದು ಬಗೆಯದು. ಅಲ್ಲಿಯ ಕೋಟೆ, ಪೇಟೆಯ ಹಳೆಯ ಬೀದಿಗಳಲ್ಲಿ ಮನೆಗೆ ಮನೆ ಅಂಟಿಕೊಂಡಿದೆ. ಒಂದೇ ಗೋಡೆಗೆ ಎರಡು ಸಂಸಾರ, ಒಂದೇ ತೊಟ್ಟಿಗೆ ಮೂವರು ಅಣ್ಣತಮ್ಮಂದಿರು. ಬಾಯಿಮಾತಿನಲ್ಲಿ ಪಾಲಾಗಿ ಎರಡು ತಲೆಮಾರು ಕಳೆದಿದೆ, ಖಾತೆ ಮಾತ್ರ ತಾತನ ಹೆಸರಿನಲ್ಲಿದೆ. ಅಣ್ಣ ಕಂದಾಯ ಕಟ್ಟುತ್ತಾನೆ, ತಮ್ಮ ಅರ್ಧ ಕೊಡುತ್ತಾನೆ, ರಸೀತಿ ತೀರಿಕೊಂಡವರ ಹೆಸರಿಗೆ ಬರುತ್ತದೆ. ಇ-ಖಾತೆ ಮಾಡಿಸಲು ಹೋದಾಗ ಮರಣ ಪ್ರಮಾಣಪತ್ರ, ವಂಶವೃಕ್ಷ, ಎಲ್ಲ ವಾರಸುದಾರರ ಒಪ್ಪಿಗೆ ಬೇಕು. ಮದುವೆಯಾಗಿ ಕೊಳ್ಳೇಗಾಲಕ್ಕೋ ಕನಕಪುರಕ್ಕೋ ಹೋದ ಅಕ್ಕತಂಗಿಯರ ನೆನಪು ಆಗ ಬರುತ್ತದೆ. ಒಂದು ಸೀರೆ, ಬಾಗಿನ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವ ಮಾತಾಗುತ್ತದೆ. ಇಲ್ಲಿ ನಾನು ಸುಮ್ಮನೆ ಮುಂದೆ ಹೋಗಲಾರೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಾಲಿದೆ ಎಂದು ಕರ್ನಾಟಕ 1994ರಲ್ಲಿಯೇ ಕಾನೂನು ಮಾಡಿತು, ದೇಶಕ್ಕೆ ಅದು 2005ರಲ್ಲಿ ಬಂತು. ಅಣ್ಣ ಕಂದಾಯ ಕಟ್ಟುತ್ತ ಬಂದ ಎಂಬ ಕಾರಣಕ್ಕೆ ತಂಗಿಯ ಪಾಲು ಕರಗುವುದಿಲ್ಲ. ಅವನು ಕಟ್ಟಿದ ಹಣದಲ್ಲಿ ಅವಳ ಪಾಲಿನದನ್ನು ಲೆಕ್ಕ ಹಾಕಿ ಕೇಳಬಹುದು, ಅಷ್ಟೆ. ಸಹಿ ಹಾಕುವುದು ಬಿಡುವುದು ಅವಳ ಇಷ್ಟ, ಅವಳಿಗೆ ಪೂರ್ತಿ ತಿಳಿಸಿ ಕೇಳಬೇಕು.

ಪೌತಿ ಖಾತೆಯ ಕೆಲಸವನ್ನು, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಿಸುವುದನ್ನು, ಹಿರಿಯರು ತೀರಿಕೊಂಡ ಕೂಡಲೇ ಮುಗಿಸಿಕೊಂಡ ಮನೆಗಳು ಪಾರಾದವು. ಮುಗಿಸಿಕೊಳ್ಳದವರು ನೋಂದಾಯಿತ ವಿಭಾಗಪತ್ರ ಮಾಡಿಸಿಕೊಂಡು, ತಂತಮ್ಮ ಭಾಗಕ್ಕೆ ಬೇರೆ ಬೇರೆ ಖಾತೆ ಕೇಳುವುದೇ ದಾರಿ. ಅರ್ಜಿ ಕೊಟ್ಟಾಗ ಸಕಾಲದ ಸ್ವೀಕೃತಿ ಸಂಖ್ಯೆ ಕೇಳಿ ಪಡೆಯಿರಿ. ಖಾತೆ ಬದಲಾವಣೆ 2011ರ ಸಕಾಲ ಕಾಯ್ದೆಯ ಸೇವೆಗಳಲ್ಲೊಂದು. ಸಂಖ್ಯೆ ಇದ್ದರೆ ಅರ್ಜಿ ಯಾವ ಮೇಜಿನಲ್ಲಿ ನಿಂತಿದೆ ಎಂದು ಕೇಳಲು ಆಧಾರ, ಇಲ್ಲದಿದ್ದರೆ ನಾಳೆ ಬನ್ನಿ ಎಂಬ ಮಾತಿಗೆ ಕೊನೆಯಿಲ್ಲ.

ಮದ್ದೂರಿಗೆ ಮತ್ತೆ ಬರಬೇಕು. 23 ವಾರ್ಡಿನ ಅಲ್ಲಿಯ ಪುರಸಭೆಯನ್ನು ಸುತ್ತಲ ಪಂಚಾಯಿತಿಗಳನ್ನು ಸೇರಿಸಿಕೊಂಡು ನಗರಸಭೆಯಾಗಿ ಮೇಲ್ದರ್ಜೆಗೇರಿಸುವ ತೀರ್ಮಾನ 2025ರಲ್ಲಿ ಆಯಿತು. ಗೆಜ್ಜಲಗೆರೆಯ ಜನ ಸೇರ್ಪಡೆ ಬೇಡವೆಂದು ಬೀದಿಗಿಳಿದರು. ಹಾಲು ಒಕ್ಕೂಟದ ಡೇರಿ, ಕೈಗಾರಿಕಾ ಪ್ರದೇಶ ಇರುವ ಗ್ರಾಮ ಪಂಚಾಯಿತಿ ಅದು, ಆದಾಯವಿಲ್ಲದ ಊರಲ್ಲ. ಪಂಚಾಯಿತಿಯಾಗಿದ್ದರೆ ಮನೆ ತೆರಿಗೆ 1993ರ ಪಂಚಾಯತ್ ರಾಜ್ ಕಾಯ್ದೆಯಂತೆ, ದಾಖಲೆ ನಮೂನೆ 9 ಮತ್ತು 11ರಲ್ಲಿ. ನಗರಸಭೆಗೆ ಸೇರಿದರೆ ಲೆಕ್ಕದ ಪದ್ಧತಿಯೇ ಬದಲು, ಗ್ರಾಮೀಣ ಉದ್ಯೋಗ ಖಾತ್ರಿಯ ಕೆಲಸವೂ ತಪ್ಪುತ್ತದೆ. ಅವರನ್ನು ಅಭಿವೃದ್ಧಿ ವಿರೋಧಿಗಳೆಂದು ಕರೆಯುವುದು ಸುಲಭ, ಆದರೆ ತಪ್ಪು. ಹೆಚ್ಚು ತೆರಿಗೆ ಕಟ್ಟಿದರೆ ನಮಗೆ ಏನು ಬರುತ್ತದೆ, ಎಷ್ಟು ದಿನದಲ್ಲಿ ಬರುತ್ತದೆ ಎಂದು ತೆರಿಗೆ ಬೀಳುವ ಮೊದಲೇ ಕೇಳುವುದು ಅವರ ಹಕ್ಕು. ಇಪ್ಪತ್ತು ವರ್ಷದಿಂದ ಎಸ್‌ಎಎಸ್ ಕಟ್ಟುತ್ತಿರುವ ಪಟ್ಟಣದವರು ಈ ಪ್ರಶ್ನೆಯನ್ನು ಹಳ್ಳಿಯವರಿಂದ ಕಲಿಯಬೇಕಾಗಿ ಬಂದಿದೆ.

ಕೇಳಲು ಜಾಗವಿದೆ. ಆಯವ್ಯಯ ಮಂಡಿಸುವ ಮೊದಲು ನಗರಸಭೆ, ಪುರಸಭೆಗಳು ಸಾರ್ವಜನಿಕರ ಪೂರ್ವಭಾವಿ ಸಭೆ ಕರೆಯುತ್ತವೆ. ಸಭೆಗೆ ಬರುವವರು ಕೆಲವೇ ಮಂದಿ. ಅಲ್ಲಿಗೆ ಹೋಗುವ ಮೊದಲು ಕೈಯಲ್ಲಿರಬೇಕಾದ ಕಾಗದವೊಂದಿದೆ: ಬೇಡಿಕೆ, ವಸೂಲಿ, ಬಾಕಿಯ ತಖ್ತೆ. ಕಂದಾಯ ಶಾಖೆಯವರು ಇದನ್ನು ಡಿಸಿಬಿ ಎನ್ನುತ್ತಾರೆ. ಯಾವ ವಾರ್ಡಿನಿಂದ ಎಷ್ಟು ಬರಬೇಕಿತ್ತು, ಎಷ್ಟು ಬಂತು, ಉಳಿದದ್ದು ಎಷ್ಟು ಎಂದು ಅದರಲ್ಲಿರುತ್ತದೆ. ₹4,000 ಕಟ್ಟಲು ಏಪ್ರಿಲ್‌ನಲ್ಲಿ ಸಾಲು ನಿಲ್ಲುವ ಮೇಷ್ಟ್ರು, ಅಂಗನವಾಡಿ ಕಾರ್ಯಕರ್ತೆ, ಸಣ್ಣ ರೈತ ಒಂದು ಕಡೆ, ಲಕ್ಷಗಟ್ಟಲೆ ಬಾಕಿ ಉಳಿಸಿಕೊಂಡ ದೊಡ್ಡ ಕಟ್ಟಡಗಳು ಊರಿನಲ್ಲಿದ್ದರೆ ಅವು ಇನ್ನೊಂದು ಕಡೆ. ಯಾರ ಬಾಕಿ ಎಷ್ಟು ಎಂದು ತಿಳಿಯದೆ ಚರಂಡಿಗೆ ಹಣವಿಲ್ಲ ಎಂಬ ಉತ್ತರವನ್ನು ಒಪ್ಪಿಕೊಳ್ಳಬೇಕಾಗಿಲ್ಲ.

ಕೇಳಿದರೆ ಕೊಡದಿದ್ದರೆ ಮಾಹಿತಿ ಹಕ್ಕು ಕಾಯ್ದೆ ಇದೆ. ಅರ್ಜಿಯ ಶುಲ್ಕ ₹10, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದಗಳೊಳಗೆ. ಆದ್ದರಿಂದ ಎರಡು ಅರ್ಜಿ ಬರೆಯಿರಿ. ಒಂದರಲ್ಲಿ ಕಳೆದ ಮೂರು ವರ್ಷದ ವಾರ್ಡುವಾರು ಡಿಸಿಬಿ ತಖ್ತೆ, ಇನ್ನೊಂದರಲ್ಲಿ ಅದೇ ಮೂರು ವರ್ಷದಲ್ಲಿ ವಸೂಲಾದ ಗ್ರಂಥಾಲಯ ಉಪಕರ ಎಷ್ಟು, ಇಲಾಖೆಗೆ ಕಟ್ಟಿದ್ದು ಎಷ್ಟು ಮತ್ತು ಯಾವ ದಿನಾಂಕದಂದು.